ಸೊಪ್ಪು ಸೋಸುವವರು ಯಾರು?

ಊಟದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ: "ತರಕಾರಿ ಜಾಸ್ತಿ ತಿನ್ನಲು ಶುರು ಮಾಡಿದೆವು, ಸ್ವಲ್ಪ ದಿನ ನಡೆಯಿತು, ಆಮೇಲೆ ನಿಂತುಹೋಯಿತು." ಅದಕ್ಕೇ ಮೊದಲ ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಚಿಕ್ಕ ಉತ್ತರ ಸಿಕ್ಕವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ನನಗೆ 46 ವರ್ಷ, ಬ್ಯಾಂಕಿನಲ್ಲಿ ಕೆಲಸ. ನಮ್ಮ ಯಜಮಾನರಿಗೆ ಕಳೆದ ವರ್ಷ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ಪರೀಕ್ಷೆ) 6.2 ಬಂತು. ಡಾಕ್ಟರು "ಮಾತ್ರೆ ಈಗಲೇ ಬೇಡ, ಅನ್ನ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ" ಅಂದರು. ಸಂಕ್ರಾಂತಿಯಿಂದ ಶುರು ಮಾಡಿದೆವು. ಬೆಳಗ್ಗೆ ಓಟ್ಸ್, ಮಧ್ಯಾಹ್ನ ಡಬ್ಬಿಗೆ ಸಲಾಡ್, ರಾತ್ರಿ ಸೂಪ್. ಬ್ರೊಕೊಲಿ, ಜುಕಿನಿ, ಕ್ವಿನೋವಾ ಎಲ್ಲ ತಂದೆ. ಅತ್ತೆಯವರಿಗೆ ಮಾತ್ರ ಮುದ್ದೆ-ಸಾರೇ ಆಗಬೇಕು, ಇಬ್ಬರು ಮಕ್ಕಳಿಗೆ ಚಪಾತಿ. ಹೀಗೆ ದಿನಕ್ಕೆ ಮೂರು ಅಡುಗೆ. ಯುಗಾದಿಯ ಹೋಳಿಗೆಯ ದಿನ ನಿಂತದ್ದು ಮತ್ತೆ ಶುರುವಾಗಲಿಲ್ಲ. ನಮಗೆ ಮನಸ್ಸು ಗಟ್ಟಿ ಇಲ್ಲವೆ?
(ಹೆಸರು ಬೇಡ, ತುಮಕೂರು)

ಉತ್ತರ: ಮನಸ್ಸಿನ ಮಾತು ಬಿಡಿ. ಬ್ಯಾಂಕಿಗೆ ಹೋಗಿ ಬಂದು, ಮನೆಯಲ್ಲಿ ಮೂರು ತರದ ಅಡುಗೆ ಮಾಡಿ, ಸಂಕ್ರಾಂತಿಯಿಂದ ಯುಗಾದಿವರೆಗೆ ಎಳೆದಿದ್ದೀರಲ್ಲ, ಇನ್ನೆಷ್ಟು ಗಟ್ಟಿ ಬೇಕು? ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿದ್ದ ಕಾಲದಲ್ಲಿ ಇಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಬ್ಬರಿಗೋಸ್ಕರ ಬೇರೆ ಅಡುಗೆ ಅಂತ ಶುರುವಾದರೆ ಅದರ ಆಯುಸ್ಸು ಎರಡು-ಮೂರು ತಿಂಗಳು, ಅಷ್ಟೇ. ಮಾಡುವ ಕೈ ಸೋಲುತ್ತದೆ, ಹಬ್ಬವೋ ನೆಂಟರೋ ಒಂದು ನೆಪವಾಗುತ್ತದೆ. ಪಾಪ, ಹೋಳಿಗೆಯ ಮೇಲೆ ತಪ್ಪು ಹೊರಿಸಬೇಡಿ.

ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಬ್ರೊಕೊಲಿ, ಜುಕಿನಿಯ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಆ ಪಟ್ಟಿಯಲ್ಲಿ ನಿಮ್ಮ ಮನೆಯಲ್ಲಿ ಮೊದಲಿಂದ ಉಣ್ಣುತ್ತಿದ್ದದ್ದು ಒಂದೂ ಇಲ್ಲ. ಅತ್ತೆಯವರದ್ದನ್ನು ತೊಂದರೆ ಎನ್ನುವಂತೆ ಬರೆದಿದ್ದೀರಿ. ನನ್ನನ್ನು ಕೇಳಿದರೆ ಮೂರು ಅಡುಗೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಅದೊಂದನ್ನೇ. ಮನೆಮಂದಿಯೆಲ್ಲ ಅತ್ತೆಯವರ ತಟ್ಟೆಗೆ ಬನ್ನಿ, ಆ ತಟ್ಟೆಯಲ್ಲಿ ಪಲ್ಯದ ಜಾಗ ಹೆಚ್ಚಿಸಿ, ಮುದ್ದೆ-ಅನ್ನದ ಜಾಗ ಇಳಿಸಿ.

ಎಷ್ಟು ಹೆಚ್ಚಿಸಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟದ ಲೆಕ್ಕವಿದೆ: ದಿನಕ್ಕೆ ತರಕಾರಿ, ಸೊಪ್ಪು ಎಲ್ಲ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ, ಧಾನ್ಯ 250 ಗ್ರಾಂ. ಎಲ್ಲವೂ ಬೇಯಿಸುವ ಮೊದಲಿನ ತೂಕ. ಈಗ ಗುಣಿಸಿ ನೋಡಿ. ನೀವು ಐದು ಜನ. ಹೆಚ್ಚುಕಡಿಮೆ ದಿನಕ್ಕೆ ಎರಡು ಕೆಜಿ ತರಕಾರಿ. ಅದನ್ನು ಮಾರ್ಕೆಟ್ಟಿನಿಂದ ಹೊತ್ತು ತರಬೇಕು, ತೊಳೆಯಬೇಕು, ಸಿಪ್ಪೆ ತೆಗೆಯಬೇಕು, ಹೆಚ್ಚಬೇಕು. "ತರಕಾರಿ ಜಾಸ್ತಿ ಮಾಡಿ" ಎಂದು ಚೀಟಿಯಲ್ಲಿ ಬರೆಯಲು ಅರ್ಧ ನಿಮಿಷ ಸಾಕು. ಎರಡು ಕೆಜಿ ಹೆಚ್ಚುವವರು ಯಾರು ಎಂದು ಯಾವ ಡಾಕ್ಟರೂ ಕೇಳುವುದಿಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಈ ಊಟ ಮುರಿದುಬೀಳುವುದು ನಾಲಗೆಯ ಚಪಲದಿಂದಲ್ಲ, ಈ ಕೆಲಸ ಒಬ್ಬರ ತಲೆಯ ಮೇಲೇ ಬೀಳುವುದರಿಂದ.

ನಮ್ಮ ಮಾವನವರು ನಿವೃತ್ತ ಮೇಷ್ಟ್ರು. ಸಂಜೆ ಜಗಲಿಯಲ್ಲಿ ಅಂದಿನ ಪೇಪರ್ ಹಾಸಿಕೊಂಡು ಸೊಪ್ಪು ಸೋಸಲು ಕೂರುತ್ತಿದ್ದರು. ಸಬ್ಬಸಿಗೆಯ ಕಟ್ಟು ಬಿಚ್ಚಿ ಬೇರು ಮುರಿಯುವುದು, ಹಳದಿ ಎಲೆ ಬೇರೆ ಮಾಡುವುದು, ದಂಟಿನ ನಾರು ಉಗುರಿನಿಂದ ಎಳೆದು ಬದಿಗಿಡುವುದು. ನಡುನಡುವೆ ಎಲೆಗಳನ್ನು ಸರಿಸಿ ಕೆಳಗಿನ ಸುದ್ದಿ ಓದುವುದು. ಒಳಗಿಂದ ಅತ್ತೆ "ಸೊಪ್ಪು ಆಯ್ತಾ?" ಅಂದರೆ "ಇನ್ನೊಂದು ಕಾಲಂ ಇದೆ ಇರೇ" ಎನ್ನುವರು. ಆ ದಿನಗಳಲ್ಲಿ ನಮ್ಮಲ್ಲಿ ವಾರಕ್ಕೆ ಮೂರು-ನಾಲ್ಕು ದಿನ ಸೊಪ್ಪಿನ ಸಾರು. ಅವರು ತೀರಿಕೊಂಡ ಮೇಲೆ ಅದು ತಾನಾಗಿ ಒಂದಕ್ಕಿಳಿಯಿತು. ರುಚಿ ಯಾರಿಗೂ ಬದಲಾಗಿರಲಿಲ್ಲ, ಮನೆಯಲ್ಲಿ ಒಂದು ಜೋಡಿ ಕೈ ಕಡಿಮೆಯಾಗಿತ್ತು. ಈಗ ನಮ್ಮವರು ಟಿವಿ ಮುಂದೆ ಕೂತು ಸೋಸುತ್ತಾರೆ, ಅಪ್ಪನಷ್ಟು ಅಚ್ಚುಕಟ್ಟಿಲ್ಲ, ಮೆಂತ್ಯದಲ್ಲಿ ಕಡ್ಡಿ ಬರುತ್ತದೆ. ಬರಲಿ.

ಆದ್ದರಿಂದ ನನ್ನ ಮೊದಲ ಸಲಹೆ ಅಡುಗೆಯದ್ದಲ್ಲ. ಸಕ್ಕರೆ ಯಾರಿಗೆ ಬಂದಿದೆಯೋ ಅವರ ಕೈಗೆ ಚಾಕು ಕೊಡಿ. ಯಜಮಾನರು ಭಾನುವಾರ ಮತ್ತು ಬುಧವಾರ ಸಂತೆ ಮಾಡಿ ತರಲಿ, ತಂದ ಸಂಜೆ ತಾವೇ ಸೋಸಲಿ. ಅತ್ತೆಯವರಿಗೆ ಇಷ್ಟವಿದ್ದರೆ ಜೊತೆಗೆ ಕೂರಲಿ. ಮಕ್ಕಳು ಬಟಾಣಿ, ಅವರೆ ಸುಲಿಯಲಿ.

ಸೋಸಿದ ಸೊಪ್ಪನ್ನು ತೊಳೆಯದೆ, ಒಣಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಮಾಡುವ ಹೊತ್ತಿಗೆ ತೊಳೆಯಿರಿ. ತಂದ ಮೊದಲೆರಡು ದಿನ ಸೊಪ್ಪು ಖಾಲಿಯಾಗಬೇಕು. ಆಮೇಲೆ ಹುರುಳಿಕಾಯಿ, ಹೀರೇಕಾಯಿ, ಬೆಂಡೆ. ಕೋಸು, ಗಜ್ಜರಿ, ಸೀಮೆಬದನೆ, ಕುಂಬಳ ಕಾಯುತ್ತವೆ, ಅವು ಕೊನೆಗೆ. ಈ ಸರದಿ ತಪ್ಪಿದರೆ ಶುಕ್ರವಾರ ಕೊಳೆತ ಕೊತ್ತಂಬರಿ ಎಸೆಯುತ್ತ "ನಮಗೆ ಇದೆಲ್ಲ ಆಗಿಬರಲ್ಲ" ಅನ್ನಿಸುತ್ತದೆ.

ಇನ್ನು ಅಡುಗೆ. ನಿಮ್ಮ ಸೀಮೆಯ ಬಸ್ಸಾರನ್ನು ನಾನು ಧಾರವಾಡದಿಂದ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಕಲಿತದ್ದು. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಅದಕ್ಕಿಂತ ಜಾಣ ಅಡುಗೆ ಇನ್ನೊಂದಿಲ್ಲ. ತೊಗರಿಬೇಳೆಯನ್ನೋ ನೆನೆಸಿದ ಹೆಸರುಕಾಳನ್ನೋ ಮುಕ್ಕಾಲು ಬೇಯಿಸಿ, ದಂಟು, ಸಬ್ಬಸಿಗೆ, ಚಕೋತ ಏನಿದೆಯೋ ಅದನ್ನು ಹೆಚ್ಚಿ ಹಾಕಿ, ಬೆಂದ ಮೇಲೆ ನೀರು ಬಸಿಯುತ್ತೀರಿ. ಬಸಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟು ಒಂದು ಹಿಡಿ ತೆಂಗಿನತುರಿ ಹಾಕಿದರೆ ಪಲ್ಯ. ಅದರಲ್ಲೇ ಒಂದು ಸೌಟು ತೆಗೆದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಣಮೆಣಸಿನಕಾಯಿ, ಚೂರು ಹುಣಸೆಯ ಜೊತೆ ರುಬ್ಬಿ ಬಸಿದ ನೀರಿಗೆ ಕದಡಿ ಕುದಿಸಿದರೆ ಸಾರು. ಒಂದು ಪಾತ್ರೆಯಲ್ಲಿ ಬೇಳೆ, ಸೊಪ್ಪು, ಪಲ್ಯ, ಸಾರು ಎಲ್ಲ ಮುಗಿಯಿತು. ಬೇಯುವಾಗ ಸೊಪ್ಪಿನ ಫೋಲೇಟು, ಪೊಟ್ಯಾಸಿಯಂ ಒಂದಷ್ಟು ನೀರಿಗಿಳಿಯುತ್ತವೆ. ಬಸ್ಸಾರಿನಲ್ಲಿ ಆ ನೀರು ಮೋರಿಗೆ ಹೋಗದೆ ತಟ್ಟೆಗೇ ಬರುತ್ತದೆ. (ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿರುವವರಿಗೆ ಇದು ತಿರುವುಮುರುವು. ಅವರು ಬಸಿದ ನೀರು ಮುಟ್ಟಬಾರದು, ಸೊಪ್ಪು ಎಷ್ಟು ಎಂಬುದನ್ನೂ ಡಾಕ್ಟರನ್ನೇ ಕೇಳಬೇಕು.)

ಸಲಾಡ್ ಬದಲು ನಮ್ಮ ಕಡೆಯ ಪಚಡಿ ಮಾಡಿ. ಎಳೆ ಮೆಂತ್ಯದ ಸೊಪ್ಪು, ಸೌತೆ, ಈರುಳ್ಳಿ, ಗಜ್ಜರಿ ಸಣ್ಣಗೆ ಹೆಚ್ಚಿ, ಎರಡು ಚಮಚ ಶೇಂಗಾ ಪುಡಿ ಅಥವಾ ಗುರೆಳ್ಳು ಪುಡಿ, ಉಪ್ಪು, ನಿಂಬೆರಸ, ಮೇಲೊಂದು ಸಾಸಿವೆ-ಇಂಗಿನ ಒಗ್ಗರಣೆ. ಜೋಳದ ರೊಟ್ಟಿಗೆ, ಚಪಾತಿಗೆ, ಮೊಸರನ್ನಕ್ಕೂ ಹೊಂದುತ್ತದೆ. ಮಕ್ಕಳ ಚಪಾತಿ ಹಾಗೇ ಇರಲಿ, ಪಲ್ಯ-ಪಚಡಿ ಮಾತ್ರ ಎಲ್ಲರಿಗೂ ಒಂದೇ. ವಾರಕ್ಕೊಮ್ಮೆ ಪುಂಡಿಪಲ್ಯ (ಗೋಂಗುರ ಸೊಪ್ಪಿನದು) ಮಾಡಿಟ್ಟರೆ ಮರುದಿನವೂ ನಡೆಯುತ್ತದೆ, ಹುಳಿಯಿರುವುದರಿಂದ ಬೇಗ ಕೆಡುವುದಿಲ್ಲ. ಅಂದು ಹೆಚ್ಚುವ ಕೆಲಸಕ್ಕೆ ರಜ.

ಮುದ್ದೆಯ ವಿಷಯದಲ್ಲಿ ಒಂದು ಎಚ್ಚರ. ರಾಗಿ ತೌಡಿನ ಸಮೇತ ಹಿಟ್ಟಾಗುವ ಕಾಳು, ಪಾಲಿಷ್ ಅಕ್ಕಿಗಿಂತ ನಾರು ಹೆಚ್ಚು, ಒಪ್ಪಿದೆ. ಆದರೆ ಅದೂ ಪಿಷ್ಟವೇ. "ರಾಗಿ ತಾನೆ" ಎಂದು ಎರಡು ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನ ಉಂಡರೆ ಸಕ್ಕರೆ ಏರದೆ ಇರುತ್ತದೆಯೆ? ಯಜಮಾನರಿಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಒಂದು, ಜೊತೆಗೆ ಎರಡು ಸೌಟು ಪಲ್ಯ. ಪಲ್ಯ ಮೊದಲು ಉಣ್ಣಲಿ. ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ, ಹಾಗಾಗಿ ವಾರಕ್ಕೇ ಮೀಟರ್ ನೋಡಿ ನಿರಾಶರಾಗದೆ ಮೂರು ತಿಂಗಳಿಗೆ ಮಾಡಿಸಿ. 5.7ರಿಂದ 6.4ರ ನಡುವಿನದ್ದು ಸಕ್ಕರೆ ಕಾಯಿಲೆಯ ಹೊಸ್ತಿಲು, ಅಲ್ಲಿಂದ ಹಿಂದಿರುಗಿದವರು ಬೇಕಾದಷ್ಟಿದ್ದಾರೆ. ಹಬ್ಬದ ದಿನ ಒಂದು ಹೋಳಿಗೆ ತಿನ್ನಲಿ. ಮರುದಿನ ಬೆಳಗ್ಗೆ ಸೊಪ್ಪು ತಂದರಾಯಿತು.

ಪ್ರಶ್ನೆ: ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ, 25 ವರ್ಷ. ಬೆಳಗ್ಗೆ ಚಿತ್ರಾನ್ನ ಇಲ್ಲವೆ ಪಲಾವ್, ರಾತ್ರಿ ಅನ್ನ, ತೆಳ್ಳಗಿನ ಸಾಂಬಾರು, ಆಲೂಗಡ್ಡೆ ಪಲ್ಯ. ರೂಮಿನಲ್ಲಿ ಒಲೆ ಹಚ್ಚುವಂತಿಲ್ಲ. ನಾನೇನು ತಿನ್ನಬಹುದು?
(ಊರು ದಾವಣಗೆರೆ)

ಉತ್ತರ: ನೋಡಿ ತಮ್ಮಾ, ಪಿಜಿ ಅಡುಗೆಯವರ ಜೊತೆ ಜಗಳವಾಡಿ ಗೆದ್ದವರನ್ನು ನಾನು ಕಂಡಿಲ್ಲ. ಅವರ ಅನ್ನ-ಸಾಂಬಾರನ್ನು ಹಾಗೇ ಇಟ್ಟುಕೊಂಡು ಪಕ್ಕಕ್ಕೆ ನಿಮ್ಮದನ್ನು ಸೇರಿಸಿ. ಬೇಕಾದದ್ದು ಒಂದು ಚಾಕು, ಒಂದು ಸ್ಟೀಲ್ ಡಬ್ಬಿ, ಒಂದು ತೆಳು ಬಟ್ಟೆ. ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಚೆಲ್ಲಿ ಬಟ್ಟೆಯಲ್ಲಿ ಕಟ್ಟಿ ಡಬ್ಬಿಯಲ್ಲಿಟ್ಟರೆ ಮರುದಿನಕ್ಕೆ ಮೊಳಕೆ. ಚೆನ್ನಾಗಿ ತೊಳೆದು, ಪಿಜಿ ಅಡುಗೆಮನೆಯಿಂದ ಕುದಿಯುವ ನೀರು ಕೇಳಿ ಮೇಲೆ ಸುರಿದು ಹತ್ತು ನಿಮಿಷ ಮುಚ್ಚಿಟ್ಟು ಬಸಿಯಿರಿ. ತೀರಾ ಹಸಿ ಮೊಳಕೆಕಾಳು ಬೇಡ, ಬೆಚ್ಚಗೆ ಒದ್ದೆಯಿರುವ ಜಾಗದಲ್ಲಿ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಅದಕ್ಕೆ ಸೌತೆ, ಟೊಮೆಟೊ, ಕ್ಯಾರೆಟ್, ನಿಂಬೆರಸ. ಇದು ರಾತ್ರಿ ಊಟದ ಅರ್ಧವಾಗಲಿ, ಅನ್ನ ಇನ್ನರ್ಧ.

ಮಧ್ಯಾಹ್ನ ಆಫೀಸಿನ ಹತ್ತಿರ ಮುದ್ದೆ ಊಟದ ಹೋಟೆಲ್ ಹುಡುಕಿಕೊಳ್ಳಿ. ಬೆಂಗಳೂರಿನಲ್ಲಿ ಇವಕ್ಕೇನು ಬರವಿಲ್ಲ, ಸೊಪ್ಪಿನ ಸಾರೋ ಕಾಳುಸಾರೋ ಒಂದಲ್ಲ ಒಂದು ಇರುತ್ತದೆ. ಕೆಲವು ಕಡೆ ಕೇಳಿದರೆ ಪಲ್ಯ ಇನ್ನೊಂದು ಸಲ ಹಾಕುತ್ತಾರೆ, ನಾಚಿಕೊಳ್ಳದೆ ಕೇಳಿ. ಸಂಜೆ ಹಸಿವಾದರೆ ಬೇಕರಿ ಪಫ್ ಬದಲು ಗಾಡಿಯ ಕಡಲೆಕಾಯಿ, ಸೀಬೆಹಣ್ಣು. ಊರಿಗೆ ಹೋದಾಗ ಅಮ್ಮನಿಂದ ಶೇಂಗಾ ಪುಡಿ, ಅಗಸಿ ಪುಡಿ ಮಾಡಿಸಿಕೊಂಡು ಬನ್ನಿ. ಪಿಜಿಯ ಸಪ್ಪೆ ಸಾಂಬಾರಿನ ಅನ್ನಕ್ಕೂ ಅದರಿಂದ ಜೀವ ಬರುತ್ತದೆ.

ಪ್ರಶ್ನೆ: 68 ವರ್ಷ, ನಿವೃತ್ತ. ಮಗಳ ಮಾತು ಕೇಳಿ ಒಂದೇ ಸಲಕ್ಕೆ ಕಾಳು, ಸೊಪ್ಪು, ತರಕಾರಿ ಹೆಚ್ಚಿಸಿದೆ. ಹೊಟ್ಟೆ ಉಬ್ಬರ, ವಾಯು, ನಾಲ್ಕು ಜನರ ನಡುವೆ ಕೂರುವಂತಿಲ್ಲ. ಹೃದಯದ ಕವಾಟದ ಆಪರೇಷನ್ ಆಗಿ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತೇನೆ. ಬಿಟ್ಟುಬಿಡಲೆ?
(ಶಿರಸಿ)

ಉತ್ತರ: ನಿಮ್ಮ ಎರಡನೇ ಮಾತಿಗೆ ಮೊದಲು ಬರುತ್ತೇನೆ. ಕವಾಟದ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಕೊಡುವುದು ವಾರ್ಫರಿನ್ ಅಥವಾ ಅಸಿನೊಕೌಮರಾಲ್. ಚೀಟಿಯಲ್ಲಿ ಹೆಸರು ನೋಡಿ. ಇವು ಕೆಲಸ ಮಾಡುವುದು ವಿಟಮಿನ್ ಕೆಗೆ ಎದುರಾಗಿ, ಹಸಿರು ಸೊಪ್ಪಿನಲ್ಲಿ ಅದೇ ವಿಟಮಿನ್ ತುಂಬಿರುತ್ತದೆ. ಸೊಪ್ಪು ಇದ್ದಕ್ಕಿದ್ದಂತೆ ಹೆಚ್ಚಿಸಿದರೆ ಮಾತ್ರೆಯ ಬಲ ತಗ್ಗುತ್ತದೆ, ಇದ್ದಕ್ಕಿದ್ದಂತೆ ಬಿಟ್ಟರೆ ಏರುತ್ತದೆ. ಎರಡೂ ಅಪಾಯ. ಈ ವಾರವೇ ಡಾಕ್ಟರಿಗೆ ಊಟ ಬದಲಾದದ್ದನ್ನು ಹೇಳಿ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ) ಪರೀಕ್ಷೆ ಮಾಡಿಸಿ. ಸೊಪ್ಪು ಬಿಡಬೇಕಾಗಿಲ್ಲ, ವಾರ ವಾರಕ್ಕೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಬೇಕು. ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುವುದು ಅವರ ಕೆಲಸ. ನಿಮ್ಮ ಮಗಳಿಗೂ ಇದನ್ನು ಓದಿಸಿ.

ವಾಯುವಿಗೆ ಇಷ್ಟು ಗಾಬರಿ ಬೇಡ. ಕಾಳಿನಲ್ಲಿರುವ ಕೆಲವು ಸಕ್ಕರೆಗಳನ್ನು ನಮ್ಮ ಸಣ್ಣ ಕರುಳು ಜೀರ್ಣಿಸದು, ಅವು ದೊಡ್ಡ ಕರುಳಿಗಿಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗಿ ಗ್ಯಾಸ್ ಆಗುತ್ತವೆ. ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿದರೆ ಒಂದಿಷ್ಟು ಕಳೆಯುತ್ತದೆ. ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಸದ್ಯ ದಿನಕ್ಕೆ ಅರ್ಧ ಕಪ್ಪು ಕಾಳು ಸಾಕು, ಹೆಸರಿನಿಂದ ಶುರು ಮಾಡಿ, ಕಡಲೆ-ಹುರುಳಿ ಆಮೇಲೆ. ಹಸಿ ಕೋಸಂಬರಿಗಿಂತ ಬೆಂದ ಸೋರೆ, ಪಡವಲ, ಬೂದುಕುಂಬಳ ನಿಮ್ಮ ಹೊಟ್ಟೆಗೆ ಹಿತ. ನಿಮ್ಮೂರಿನಲ್ಲಿ ತಂಬುಳಿ ಹೇಳಿಕೊಡಬೇಕೆ? ದೊಡ್ಡಪತ್ರೆಯದ್ದೋ ಒಂದೆಲಗದ್ದೋ ಮಾಡಿಸಿ, ಆ ಎಲೆಯೂ ಸೊಪ್ಪಿನ ಲೆಕ್ಕಕ್ಕೇ ಸೇರುತ್ತದೆ ಎಂಬುದು ನೆನಪಿರಲಿ. ಒಂದೆರಡು ತಿಂಗಳಿಗೆ ಕರುಳು ಹೊಂದಿಕೊಳ್ಳುತ್ತದೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ.

ಪ್ರಶ್ನೆ: ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟು ಎರಡು ವರ್ಷವಾಯಿತು. ತರಕಾರಿ, ಕಾಳು, ಸಿರಿಧಾನ್ಯ ಚೆನ್ನಾಗಿ ತಿನ್ನುತ್ತೇನೆ. ಈಚೆಗೆ ಸುಸ್ತು, ಪಾದ ಜುಮ್ಮೆನ್ನುತ್ತದೆ. ಊಟ ಸಾಲದೆ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಊಟ ಸಾಲದೆ ಅಲ್ಲಮ್ಮ, ಬಿ12 ಸಾಲದೆ ಇರಬಹುದು. ನಾಳೆಯೇ ರಕ್ತಪರೀಕ್ಷೆ ಮಾಡಿಸಿ. ಎಷ್ಟೇ ಬಣ್ಣದ ತರಕಾರಿ ತಿಂದರೂ ಈ ವಿಟಮಿನ್ ಬರುವುದಿಲ್ಲ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನೂ ನಂಬುವಂತಿಲ್ಲ. ಅದಿರುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಲಿವರಿನಲ್ಲಿ ದಾಸ್ತಾನು ಇರುವುದರಿಂದ ಬಿಟ್ಟ ತಕ್ಷಣ ಗೊತ್ತಾಗುವುದಿಲ್ಲ, ತಡವಾಗಿ ನರಗಳ ಮೇಲೆ ಹೊಡೆತ ಬೀಳುತ್ತದೆ. ಹಾಲು ಬಿಡುವುದು ನಿಮ್ಮ ನಿರ್ಧಾರ, ನಾನು ತಕರಾರು ಮಾಡುವುದಿಲ್ಲ, ಆದರೆ ಹಾಗಿದ್ದರೆ ಬಿ12 ಮಾತ್ರೆ ಜೀವನಪೂರ್ತಿ. ಕ್ಯಾಲ್ಸಿಯಂ ಚಿಂತೆ ಅಷ್ಟಿಲ್ಲ, 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ ನಿಂಬೆ ಹಿಂಡಿಕೊಳ್ಳಿ, ಊಟವಾದ ಕೂಡಲೇ ಕಾಫಿ-ಟೀ ಬೇಡ. ಅಂದಹಾಗೆ ಮೆಟ್‌ಫಾರ್ಮಿನ್ ನುಂಗುವ ಸಕ್ಕರೆಯವರಲ್ಲೂ ಬಿ12 ಕಡಿಮೆಯಾಗುವುದುಂಟು, ಅವರೂ ಪರೀಕ್ಷೆ ಮಾಡಿಸಲಿ.

ಪ್ರಶ್ನೆ: ಸಿರಿಧಾನ್ಯದ ನೂಡಲ್ಸ್, ರಾಗಿ ಬಿಸ್ಕತ್ತು ಒಳ್ಳೆಯವೆ?
(ಹಾಸನ)

ಉತ್ತರ: ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ರಾಗಿಯ ಚಿತ್ರವಿಲ್ಲದ ಪೊಟ್ಟಣವೇ ಇಲ್ಲ. ಚಿತ್ರ ನೋಡಬೇಡಿ, ಪೊಟ್ಟಣ ತಿರುಗಿಸಿ. ಹಿಂದೆ ಬರೆದ ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚು ತೂಕವಿದೆಯೋ ಅದು ಮೊದಲು ಬರಬೇಕೆಂಬುದು ನಿಯಮ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಮುಂದೆ ನಿಂತು ರಾಗಿ ನಾಲ್ಕನೆಯದೋ ಐದನೆಯದೋ ಆಗಿದ್ದರೆ ಅಲ್ಲೇ ಇಟ್ಟು ಬನ್ನಿ. ಅದೇ ದುಡ್ಡಿಗೆ ಒಂದು ಪಾವು ಶೇಂಗಾ ಬರುತ್ತದೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ ಚಳಿಗಾಲದಲ್ಲಿ ಊರಿನ ಸೊಪ್ಪು ಸಿಗುವುದಿಲ್ಲ, ಇಬ್ಬರಿಗೂ ಕೆಲಸ, ಬರುವಾಗ ಕತ್ತಲಾಗಿರುತ್ತದೆ. ಫ್ರೋಜನ್ ತರಕಾರಿಯಲ್ಲಿ ಸತ್ವ ಇರುತ್ತದೆಯೆ?
(ಮೂಲ ಊರು ಮಂಡ್ಯ)

ಉತ್ತರ: ಇರುತ್ತದೆ. ಕೊಯ್ದ ಕೂಡಲೇ ಬಿಸಿನೀರಿನಲ್ಲಿ ಅದ್ದಿ ಹೆಪ್ಪುಗಟ್ಟಿಸುವುದರಿಂದ, ವಾರಗಟ್ಟಲೆ ಲಾರಿಯಲ್ಲಿ ಬಂದು ಫ್ರಿಜ್ಜಿನಲ್ಲಿ ಬಾಡಿದ "ತಾಜಾ" ತರಕಾರಿಗಿಂತ ಎಷ್ಟೋ ಸಲ ಅದೇ ವಾಸಿ. ಫ್ರೋಜನ್ ಪಾಲಕ್ ತಂದರೆ ಸೋಸುವ ಕೆಲಸವೂ ಇಲ್ಲ, ಸೀದಾ ಮಸ್ಸೊಪ್ಪಿಗೆ ಹಾಕಿ. ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಗುಜರಾತಿಗಳು ಕೊಳ್ಳುವ ಕಾಳು ಇರುತ್ತದೆ, ಅದು ನಮ್ಮ ಅವರೆಯ ಜಾತಿಯದೇ. ಸೊಗಡು ಸ್ವಲ್ಪ ಕಡಿಮೆ, ಸಾರಿಗೆ ಮೋಸವಿಲ್ಲ. ಸಬ್ಬಸಿಗೆ ಡಿಲ್ ಎಂಬ ಹೆಸರಿನಲ್ಲಿ ಅಮೆರಿಕದ ಮಾಮೂಲಿ ಅಂಗಡಿಯಲ್ಲೇ ಸಿಗುತ್ತದೆ. ಕೇಲ್, ಚಾರ್ಡ್ ಎರಡೂ ಬಸ್ಸಾರಿಗೆ ಒಗ್ಗುತ್ತವೆ, ಕೇಲ್ ಮಾತ್ರ ನಡುವಿನ ದಪ್ಪ ಕಡ್ಡಿ ತೆಗೆದು ಸ್ವಲ್ಪ ಜಾಸ್ತಿ ಬೇಯಿಸಬೇಕು. ಭಾನುವಾರ ಎರಡು ದಿನಕ್ಕಾಗುವಷ್ಟು ಕಾಳು ಬೇಯಿಸಿ, ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿಡಿ. ಅದೂ ಆಗದ ವಾರ ಡಬ್ಬಿಯಲ್ಲಿ ಬರುವ ಬೆಂದ ಕಡಲೆ ನಡೆಯುತ್ತದೆ. ಅದರಲ್ಲಿ ಉಪ್ಪು ಬಹಳ, ನೀರು ಬಸಿದು ಒಮ್ಮೆ ತೊಳೆದು ಹಾಕಿ.